ಹಳೆಯ ಪ್ಲಾಸ್ಟಿಕ್ ಚೀಲಗಳಿಂದ ಹುರಿ ಹೆಣೆಯುವ ಕ್ರಮ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿಗೆ ಸೇರಿದ ಹಾರನಹಳ್ಳಿಯು 13ನೆಯ ಶತಮಾನದ ಹೊಯ್ಸಳ ದೇವಾಲಯಗಳಿಂದ ಪ್ರಸಿದ್ಧವಾದ ಗ್ರಾಮ. ಸುತ್ತಣ ಸೀಮೆಯು ತೆಂಗು ಮತ್ತು ರಾಗಿಗೆ ಹೆಸರಾದುದು. ತೆಂಗಿನ ನಾರು, ಕತ್ತಾಳೆಯ ನಾರುಗಳಿಂದ ಹಗ್ಗ ಹೊಸೆಯುವುದು ಇಂಥ ಸೀಮೆಯ ರೈತರಿಗೆ ಹೊಸ ವಿಷಯವೇನೂ ಅಲ್ಲ. ನಾರಿನ ಹಗ್ಗವು ಹಳತಾದರೆ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುವುದು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲವಾದರೋ ಹಾಗೆ ಕೊಳೆಯತಕ್ಕದ್ದಲ್ಲ. ಗೊಬ್ಬರದೊಡನೆ ಹೊಲವನ್ನು ಸೇರಿ ನೇಗಿಲಿಗೂ ಬೇರಿಗೂ ಅಡ್ಡಿಯಾಗುವುದು.

ದನಗಳಿಗಾಗುವ ಹಾನಿ

ಅನ್ನ, ತರಕಾರಿಯ ಸಿಪ್ಪೆ ಮುಂತಾದುವನ್ನು ಚೀಲದಲ್ಲಿ ಕಟ್ಟಿ ಬಿಸಾಡಿದರೆ ದನಗಳು ಅದನ್ನು ಚೀಲಸಹಿತವಾಗಿ ನುಂಗುವುವು. ಅದು ಜೀರ್ಣವಾಗದೆ ಹೊಟ್ಟೆಯ ಮೊದಲನೆಯ ಕೋಣೆಯಲ್ಲಿ ಉಂಡೆಗಟ್ಟುವುದು. ದನವು ಮೇವು ಬಿಡುವುದು, ಹೊಟ್ಟೆಯುಬ್ಬುವುದು, ಹಾಲು ಇಳಿಯುವುದು. ಕಡೆಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಪ್ರಾಣಕ್ಕೇ ಸಂಚಕಾರ. ಚೀಲಗಳನ್ನು ಸುಡುವುದೂ ತರವಲ್ಲ, ಹೊಗೆಯು ವಿಷಕರವಾದುದು. ಕರ್ನಾಟಕ ಸರ್ಕಾರವು 2016ರ ಮಾರ್ಚಿ 11ರಂದೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಆದುದರಿಂದ ಹೊಸ ಚೀಲವನ್ನು ಮನೆಗೆ ತರಬಾರದೆಂಬುದು ಮೊದಲನೆಯ ಮಾತು. ಈಗಾಗಲೇ ಮನೆಯಲ್ಲಿ ಉಳಿದಿರುವುದನ್ನು ಹುರಿಯಾಗಿ ಮಾಡಿಕೊಳ್ಳಬಹುದು.

ಮಾಡುವ ಕ್ರಮ

1. ಚೀಲವನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಕ್ರಿಮಿನಾಶಕವಿದ್ದ ಚೀಲವನ್ನು ಎಂದಿಗೂ ಮುಟ್ಟಕೂಡದು.

2. ಚೀಲವನ್ನು ಹಾಸಿ, ಹಿಡಿಕೆಯನ್ನೂ ತಳದ ಹೊಲಿಗೆಯನ್ನೂ ಕತ್ತರಿಸಿ ತೆಗೆಯಬೇಕು. ಉಳಿದುದನ್ನು ಅಡ್ಡಲಾಗಿ ಎರಡೆರಡು ಅಂಗುಲಕ್ಕೆ ಕತ್ತರಿಸಿದರೆ ಬಳೆಯಂತಹ ಪಟ್ಟಿಗಳು ದೊರೆಯುವುವು.

3. ಒಂದು ಬಳೆಯ ತುದಿಯನ್ನು ಮತ್ತೊಂದರೊಳಗೆ ತೂರಿಸಿ, ಆ ತುದಿಯ ಕುಣಿಕೆಯೊಳಗಿನಿಂದಲೇ ಅದರ ಇನ್ನೊಂದು ತುದಿಯನ್ನು ಹೊರಕ್ಕೆಳೆದರೆ ಎರಡೂ ಕೂಡಿಕೊಳ್ಳುವುವು. ಮೆಲ್ಲಗೆ ಎಳೆಯಬೇಕು, ಜಗ್ಗಿದರೆ ಪಟ್ಟಿಯು ಹರಿಯುವುದು.

4. ಬಳೆಯಾಗದೆ ಬಿಡಿಯಾಗಿರುವ ಪಟ್ಟಿಗಳಿಗೆ, ತುದಿಯಿಂದ ಒಂದಂಗುಲ ಬಿಟ್ಟು ಸಣ್ಣ ಸೀಳು ಮಾಡಬೇಕು. ಮೊದಲಿನ ಪಟ್ಟಿಯ ತುದಿಯನ್ನು ಹೊಸ ಪಟ್ಟಿಯ ಸೀಳಿನಲ್ಲಿ ತೂರಿಸಿ, ಹೊಸ ಪಟ್ಟಿಯ ಬಾಲವನ್ನು ಮೊದಲಿನದರ ಸೀಳಿನಲ್ಲಿ ಹಾಯಿಸಿ ಎಳೆಯಬೇಕು. ಇದರಿಂದ ಗಂಟು ದಪ್ಪವಾಗದು.

5. ಮೂರು ಎಳೆಗಳನ್ನು ಜಡೆಯಂತೆ ಹೆಣೆಯಬೇಕು. ಎಳೆಗಳ ಗಂಟುಗಳೆಲ್ಲ ಒಂದೇ ಕಡೆ ಬಿದ್ದರೆ ಹುರಿಯು ಅಲ್ಲಿಯೇ ದುರ್ಬಲವಾಗುವುದು. ಆದಕಾರಣ ಮೊದಲ ಪಟ್ಟಿಗಳನ್ನು ಉದ್ದ-ಗಿಡ್ಡವಾಗಿಟ್ಟು ಆರಂಭಿಸತಕ್ಕದ್ದು. ಹೆಣೆಯುವಾಗ ಉದ್ದವು ಕುಗ್ಗುವುದರಿಂದ, ಹತ್ತು ಮಾರು ಹುರಿಗೆ ಪ್ರತಿ ಎಳೆಯೂ ಸುಮಾರು ಹದಿನೈದು ಮಾರು ಇರುವುದು ಒಳ್ಳೆಯದು.

ಉಪಯೋಗವೂ ಎಚ್ಚರಿಕೆಯೂ

ಚೀಲದ ಬಾಯಿ ಕಟ್ಟುವುದಕ್ಕೂ, ಮಂಚದ ಹೆಣಿಗೆಗೂ, ಸೂರಿನ ಕೆಳಗೆ ಬಟ್ಟೆ ಹರವುವುದಕ್ಕೂ ಈ ಹುರಿಯು ಸಾಕು. ಮೂಗುದಾರಕ್ಕಾಗಲಿ, ಬಾವಿಯ ಹಗ್ಗಕ್ಕಾಗಲಿ ಇದು ಸಲ್ಲದು. ಭಾರಕ್ಕೆ ಹಿಗ್ಗುವುದು, ಗಂಟು ಜಾರುವುದು. ಅವುಗಳಿಗೆ ನಾರಿನ ಹಗ್ಗವೇ ಶ್ರೇಷ್ಠ. ಹುಲ್ಲಿನ ಹೊರೆಯನ್ನೂ ಇದರಿಂದ ಕಟ್ಟಬಾರದು. ಏಕೆಂದರೆ ಯಾವುದನ್ನು ದನದ ಬಾಯಿಂದ ತಪ್ಪಿಸಬೇಕೆಂದು ಇಷ್ಟು ಶ್ರಮವೋ ಅದೇ ಮೇವಿನೊಡನೆ ಅದರ ಹೊಟ್ಟೆಗೆ ಹೋದೀತು. ಬಿಸಿಲಿನಲ್ಲಿ ಬಹುಕಾಲವಿದ್ದರೆ ಹುರಿಯು ಪುಡಿಯಾಗಿ ಮಣ್ಣಿನಲ್ಲಿ ಸೇರುವುದರಿಂದ, ಸವೆಯುವ ಮೊದಲೇ ಬಿಚ್ಚಿ ಪಂಚಾಯಿತಿಯ ಕಸ ಸಂಗ್ರಹಣೆಗೆ ಒಪ್ಪಿಸತಕ್ಕದ್ದು.

ಗ್ರಾಮದ ಮುಖಂಡರೂ ಜಮೀನುದಾರರೂ ಸಂತೆಗೆ ಬಟ್ಟೆಯ ಚೀಲವನ್ನೇ ಒಯ್ದು ಮೇಲ್ಪಂಕ್ತಿ ಹಾಕಿದರೆ ಉಳಿದವರು ಅನುಸರಿಸುವರು. ತಿಪ್ಪೆಯಲ್ಲಿ ಒಂದು ಚೀಲ ಕಡಿಮೆಯಾದರೆ ಒಂದು ಹಸುವಿನ ಅಪಾಯ ಅಷ್ಟು ಕಡಿಮೆಯಾದಂತೆಯೇ ಸರಿ.