ಹುಲ್ಲುಗಾವಲು ಬೀಳುಭೂಮಿಯಲ್ಲ

ಬೇಸಿಗೆಯಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಾವಲಿಗೆ ಹೋದರೆ ಕಾಣುವುದು ಒಣಹುಲ್ಲು, ಕಲ್ಲು, ಬಿಸಿಲು ಅಷ್ಟೇ. 'ಇಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ' ಎನ್ನುವ ಮಾತು ಹುಟ್ಟುವುದು ಇಂಥ ಕಡೆಯೇ. ಸ್ವಲ್ಪ ಹೊತ್ತು ಅಲುಗಾಡದೆ ಕೂತು ನೋಡಿ. ಹುಲ್ಲಿನ ಬಣ್ಣವೇ ಮೈಗಿರುವ ನೆಲಗುಬ್ಬಿ ಕಾಲ ಬಳಿಯಿಂದಲೇ ಪುರ್ರನೆ ಹಾರುತ್ತದೆ. ದೂರದಲ್ಲಿ ತಿರುಚಿದ ಕೊಂಬುಗಳು ಎದ್ದು ನಿಲ್ಲುತ್ತವೆ. ಈ 798 ಎಕರೆ 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು.

ತಪ್ಪು ಕಲ್ಪನೆ: ಉಳುಮೆಯಿಲ್ಲದ, ಮರವಿಲ್ಲದ ನೆಲ ಬರಡು.

ಸತ್ಯ: ಕಂದಾಯದ ಲೆಕ್ಕದಲ್ಲಿ 'ಖರಾಬು' ಎಂದರೆ ಸಾಗುವಳಿಗೆ ಒದಗದ ನೆಲ. ಅಲ್ಲಿ ಜೀವವಿಲ್ಲ ಎಂದು ಅದರ ಅರ್ಥವಲ್ಲ. ಮೈಸೂರು ಸೀಮೆಯ ಅರಸರಿಗೆ ಈ ವ್ಯತ್ಯಾಸ ಗೊತ್ತಿತ್ತು. ಅಮೃತಮಹಲ್ ದನಗಳಿಗೆಂದು ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ನೆಲದ ಶಕ್ತಿ ನೋಡಿ ಅದರ ಬಳಕೆ ನಿರ್ಧರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ದನ ಮೇಯಿಸಿದರೆ ಹುಲ್ಲುಗಾವಲು ಹಾಳು ಎನ್ನುವವರಿಗೂ ಉತ್ತರ ಇಲ್ಲೇ ಇದೆ: ಹಾಳು ಮಾಡುವುದು ಮೇಯಿಸುವುದಲ್ಲ, ಬಿಡುವಿಲ್ಲದೆ ಮೇಯಿಸುವುದು.

ತಪ್ಪು ಕಲ್ಪನೆ: ಹುಲ್ಲು ಇರುವಲ್ಲೆಲ್ಲ ಹಿಂದೆ ಕಾಡಿತ್ತು, ಮನುಷ್ಯ ಕಡಿದ.

ಸತ್ಯ: ಕೆಲವು ಕಡೆ ಹಾಗೆ ಆಗಿರಬಹುದು, ಎಲ್ಲ ಕಡೆ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನ ಪದರಗಳಲ್ಲಿರುವ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹವೆ ಒಣಗಿದ್ದ ಕಾಲದಲ್ಲಿ, ಅಲ್ಲಿ ಹುಲ್ಲಿನದೇ ಮೇಲುಗೈ ಆಗಿತ್ತು. ಕೊಡಲಿ ಹಿಡಿದ ರೈತ ಆಗಿನ್ನೂ ಬಂದಿರಲಿಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿಯ ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಶೋಲಾ ಕಾಡು ಇರುವುದನ್ನು ಕಂಡು 'ಗುಡ್ಡ ಬೋಳಾಗಿದೆ' ಎಂದು ಮರುಗುವವರು ಇದನ್ನು ನೆನಪಿಡಬೇಕು.

ತಪ್ಪು ಕಲ್ಪನೆ: ಎಲ್ಲೇ ಆಗಲಿ, ಗಿಡ ನೆಟ್ಟರೆ ಒಳ್ಳೆಯದೇ.

ಸತ್ಯ: ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು. ಅದೇ ನೆಲದ ಬಹುಪಾಲಿನಲ್ಲಿ ನೀಲಗಿರಿ ಮರಗಳ ತೋಪು ಎದ್ದಿತು. ಚಿಗರಿ, ಅಂದರೆ ಕೃಷ್ಣಮೃಗ, ಬದುಕುವುದು ದೂರದಿಂದಲೇ ತೋಳವನ್ನು ಕಂಡು ಓಡಿ. ಸಾಲುಮರಗಳ ನಡುವೆ ಅದಕ್ಕೆ ಕಣ್ಣೂ ಸಾಗದು, ಕಾಲೂ ಸಾಗದು. ಬಯಲಿನ ಬರಿನೆಲದ ಮೇಲೆ ಒಂದೇ ಮೊಟ್ಟೆ ಇಡುವ ಎರೆಭೂತ ಹಕ್ಕಿಯೂ ಒಂದು ಕಾಲಕ್ಕೆ ಅಲ್ಲಿತ್ತು. ತೋಪು ಬೆಳೆಸಿದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದು ತಪ್ಪೇ. ಇಂಗಾಲದ ಲೆಕ್ಕಕ್ಕಾದರೂ ಮರ ಬೇಕಲ್ಲವೇ ಎಂದು ಕೇಳುತ್ತಾರೆ. ಹುಲ್ಲು ತನ್ನ ಗಳಿಕೆಯ ದೊಡ್ಡ ಪಾಲನ್ನು ಇಡುವುದು ಬೇರಿನಲ್ಲಿ, ಮಣ್ಣಿನಲ್ಲಿ. ಬೆಂಕಿ ಬಿದ್ದರೂ ಆ ಪಾಲು ಬಹುತೇಕ ಉಳಿಯುತ್ತದೆ.

ತಪ್ಪು ಕಲ್ಪನೆ: ಒಂದು ತುಂಡು ಬೇಲಿ ಹಾಕಿ ಉಳಿಸಿದರೆ ಸಾಕು, ಮಿಕ್ಕದ್ದನ್ನು ಬಳಸಿಕೊಳ್ಳಬಹುದು.

ಸತ್ಯ: ತೋಳ ಒಂದು ರಾತ್ರಿಗೆ ನಡೆಯುವ ದೂರಕ್ಕೆ ಆ ತುಂಡು ಸಾಲದು. ಚಳ್ಳಕೆರೆ ಭಾಗದ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದಾಗ ಗೋಡೆಯ ಆಚೆ ಉಳಿದದ್ದು ವನ್ಯಜೀವಿ ಮಾತ್ರವಲ್ಲ, ಕುರಿ ಕಾಯುವವರು ಕೂಡ.

ನಿಮ್ಮೂರಿನ ಗೋಮಾಳದಲ್ಲಿ ಸಸಿ ನೆಡುವ ಕಾರ್ಯಕ್ರಮ ಬಂದರೆ ಗುಂಡಿ ತೋಡುವ ಮೊದಲು ಅಲ್ಲಿ ಕುರಿ ಮೇಯಿಸುವವರನ್ನು ಕರೆದು ಕೇಳಿ: ಇಲ್ಲಿ ಯಾವ ಹುಲ್ಲು ಬೆಳೆಯುತ್ತದೆ, ಯಾವ ಹಕ್ಕಿ ಮೊಟ್ಟೆ ಇಡುತ್ತದೆ? ಸಸಿಗೆ ಊರಿನ ಬೀದಿಯಿದೆ, ಶಾಲೆಯ ಅಂಗಳವಿದೆ, ಹೊಲದ ಬದುವಿದೆ. ಕಾವಲನ್ನು ಕಾವಲಾಗಿಯೇ ಬಿಡಿ.