ತೊಟ್ಟಿಕ್ಕದ ಸೋರಿಕೆ

ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ‘ಮೈಕೋ’, 2008ರಲ್ಲೇ ಬಾಷ್ ಲಿಮಿಟೆಡ್ ಆಯಿತು. ಕರ್ನಾಟಕದ ಪೇಟೆಗಳ ಬೈಪಾಸ್ ಬದಿಯ ಅಂಗಡಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ‘ಮೈಕೋ ಪಂಪ್, ನಾಝಲ್ ಸರ್ವೀಸ್’ ಎಂಬ ಬಣ್ಣ ಮಾಸಿದ ಬೋರ್ಡುಗಳು ಹಾಗೇ ನೇತಾಡುತ್ತಿವೆ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಈ ಕಂಪನಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ಮಾರಿದ ಕಡೆಯೆಲ್ಲ ಅವನ್ನು ರಿಪೇರಿ ಮಾಡುವ ಕಸುಬೂ ಬೇರು ಬಿಟ್ಟಿತು. ಮಾಮೂಲಿ ಗ್ಯಾರೇಜಿನವರು ‘ಇದು ಪಂಪಿನವರ ಕೆಲಸ’ ಎಂದು ಕೈಬಿಟ್ಟ ಗಾಡಿಗಳು ಬಂದು ನಿಲ್ಲುವುದು ಇಲ್ಲಿಗೇ. ಪಂಪು ಬಿಚ್ಚಿ ಕ್ಯಾಲಿಬ್ರೇಷನ್ ಬೆಂಚಿಗೆ ಏರಿಸುವುದು ಇವರ ದೊಡ್ಡ ವಿದ್ಯೆ ಎಂದು ಹೆಸರು. ಹಳೆಯ ಡೀಸೆಲ್ ಕಾರಿನ ಮಟ್ಟಿಗೆ ನನಗೆ ಹಾಗನ್ನಿಸುವುದಿಲ್ಲ. ಇವರ ಜಾಣ್ಮೆ ಕಾಣುವುದು ತೀರ ಅಗ್ಗದ ವಸ್ತುವಿನಲ್ಲಿ, ಡೀಸೆಲ್ ಪೈಪಿನಲ್ಲಿ.

1998ರ ಕೊನೆಯಲ್ಲಿ ಹೊರಬಂದ ಟಾಟಾ ಇಂಡಿಕಾವನ್ನೇ ತೆಗೆದುಕೊಳ್ಳಿ. 1405 ಸಿಸಿಯ ಡೀಸೆಲ್ ಎಂಜಿನ್ನು, ಟ್ಯಾಕ್ಸಿಯವರ ಅಚ್ಚುಮೆಚ್ಚು. 2018ರಲ್ಲಿ ತಯಾರಿಕೆ ನಿಂತರೂ ಹಳ್ಳಿ ರಸ್ತೆಗಳಲ್ಲಿ ಇನ್ನೂ ಓಡಾಡುತ್ತಿದೆ. ಇಂಥ ಕಾರಿನಲ್ಲಿ ಡೀಸೆಲ್‌ಗೆ ಮೂರು ದಾರಿ. ಹಿಂದಿನ ಟ್ಯಾಂಕಿನಿಂದ ಫಿಲ್ಟರ್ ಮೂಲಕ ಪಂಪಿಗೆ ಬರುವುದು ಒಂದು. ಪಂಪಿನಿಂದ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದೊಂದು ನಾಝಲ್‌ಗೂ ಹೋಗುವ ದಪ್ಪ ಗೋಡೆಯ ಉಕ್ಕಿನ ಪೈಪುಗಳು ಇನ್ನೊಂದು. ನಾಝಲ್‌ನಲ್ಲಿ ಮಿಕ್ಕಿದ್ದನ್ನು ವಾಪಸ್ ಟ್ಯಾಂಕಿಗೆ ಒಯ್ಯುವುದು ಮೂರನೆಯದು. ಇದರ ಶುರುವಿನ ತುಂಡುಗಳು ನೂಲಿನ ಬಟ್ಟೆ ಹೊದ್ದ, ಕಿರುಬೆರಳಿಗಿಂತ ಸಣ್ಣ ರಬ್ಬರ್ ಕೊಳವೆಗಳು. ಅಂಗಡಿಯ ಭಾಷೆಯಲ್ಲಿ ಓವರ್‌ಫ್ಲೋ ಪೈಪು.

ಸೋರುತ್ತಿದೆ ಎಂದ ಕೂಡಲೇ ಎಲ್ಲರೂ ಕಾರಿನ ಕೆಳಗೆ ಬಗ್ಗಿ ಕಲೆ ಹುಡುಕುತ್ತಾರೆ. ಪೆಟ್ರೋಲ್ ಆದರೆ ಆರಿಹೋಗುತ್ತದೆ. ಡೀಸೆಲ್ ಆರುವುದಿಲ್ಲ, ಧೂಳನ್ನು ಹಿಡಿದುಕೊಂಡು ಕಪ್ಪು ಜಿಡ್ಡಾಗಿ ಕೂರುತ್ತದೆ. ಆ ಜಿಡ್ಡನ್ನು ಒರೆಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಮೊದಲು ಒದ್ದೆಯಾಗುವ ಜಾಗ ಯಾವುದೆಂದು ನೋಡಿದರೆ ಕಳ್ಳ ಸಿಕ್ಕಿಬಿದ್ದ. ಸಾಮಾನ್ಯವಾಗಿ ಅದು ಓವರ್‌ಫ್ಲೋ ಪೈಪೇ ಆಗಿರುತ್ತದೆ. ಮೇಲಿನ ನೂಲು ನೆಟ್ಟಗೇ ಇರುತ್ತದೆ, ಒಳಗಿನ ರಬ್ಬರು ಎಂಜಿನ್ ಶಾಖಕ್ಕೆ ಬಿರುಕು ಬಿಟ್ಟಿರುತ್ತದೆ. ಕಡಿಮೆ ಖರ್ಚಿನ ಕೆಲಸ. ಹಾಗೆಂದು ಮುಂದೂಡುವಂಥದ್ದಲ್ಲ. ಒಸರಿದ ಡೀಸೆಲ್ ಟೈಮಿಂಗ್ ಬೆಲ್ಟನ್ನೂ ಎಂಜಿನ್ನಿನ ರಬ್ಬರ್ ಮೌಂಟಿಂಗನ್ನೂ ತಿಂದುಹಾಕುತ್ತದೆ. ರಸ್ತೆಗೆ ಬಿದ್ದರೆ ಹಿಂದೆ ಬರುವ ಬೈಕಿನವರನ್ನು ಬೀಳಿಸುತ್ತದೆ.

ತೊಟ್ಟಿಕ್ಕದ ಸೋರಿಕೆಯೇ ತಲೆನೋವಿನದು. ಇಂಡಿಕಾದ ರೋಟರಿ ಪಂಪು ಟ್ಯಾಂಕಿನಿಂದ ಡೀಸೆಲನ್ನು ತಾನೇ ಹೀರಿಕೊಳ್ಳುತ್ತದೆ. ಹೀರುವ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಎಳನೀರಿನ ಕೊಳವೆ ಸೀಳಿದ್ದರೆ ಬಾಯಿಗೆ ಬರೀ ಗಾಳಿ ಬರುವುದಿಲ್ಲವೇ, ಹಾಗೆ. ನೆಲ ಒಣಗಿಯೇ ಇರುತ್ತದೆ, ಗಾಡಿ ಮಾತ್ರ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಮಾಲೀಕ ಬ್ಯಾಟರಿ ಬದಲಿಸುತ್ತಾನೆ, ಹೀಟರ್ ಪ್ಲಗ್ ಬದಲಿಸುತ್ತಾನೆ, ಕೊನೆಗೆ ಯಾರದೋ ಮಾತು ಕೇಳಿ ಪಂಪನ್ನೇ ಬಿಚ್ಚಿಸುತ್ತಾನೆ. ಸಾವಿರಗಟ್ಟಲೆ ಕೈಬಿಟ್ಟ ಮೇಲೂ ‘ಏರ್ ಹಿಡಿದಿದ್ದು’ ಹಿಡಿದೇ ಇರುತ್ತದೆ.

ಕಸುಬು ಬಲ್ಲ ಮೇಸ್ತ್ರಿ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ: “ರಾತ್ರಿ ಗಾಡಿ ಯಾವ ಕಡೆ ಮುಖ ಮಾಡಿ ನಿಲ್ಲಿಸ್ತೀರಾ ಸಾರ್? ಏರಿಗಾ, ಇಳಿಜಾರಿಗಾ?” ಮಲೆನಾಡಿನ ಅಂಗಳಗಳಲ್ಲಿ ಇದು ಅರ್ಥವಿಲ್ಲದ ಪ್ರಶ್ನೆಯಲ್ಲ. ಮೂತಿ ಮೇಲಾಗಿ ನಿಂತ ಕಾರಿನಲ್ಲಿ, ಎಲ್ಲೋ ಒಂದು ಕಡೆ ಗಾಳಿ ನುಗ್ಗಲು ಸಂದಿದ್ದರೆ, ಪೈಪಿನ ಡೀಸೆಲೆಲ್ಲ ರಾತ್ರಿಯಲ್ಲಿ ಟ್ಯಾಂಕಿಗೆ ಜಾರಿಹೋಗುತ್ತದೆ. ಮೂತಿ ಕೆಳಗೆ ಮಾಡಿ ನಿಲ್ಲಿಸಿದ ದಿನ ಒಂದೇ ಸೆಲ್ಫ್‌ಗೆ ಹೊತ್ತಿಕೊಂಡರೆ ಅರ್ಧ ರೋಗ ತಿಳಿದಂತೆ.

ಮುಂದಿನ ಪರೀಕ್ಷೆಗೆ ಯಂತ್ರವೇ ಬೇಡ. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸಿಕ್ಕಿಸಿದರೆ ಗುಳ್ಳೆಗಳ ಸಾಲು ಕಣ್ಣಿಗೇ ಕಾಣುತ್ತದೆ. ಆಮೇಲೆ ಬಾನೆಟ್ಟಿನ ಪಕ್ಕದಲ್ಲಿ ಶುದ್ಧ ಡೀಸೆಲ್ಲಿನ ಕ್ಯಾನು ನೇತುಹಾಕಿ ಪಂಪಿಗೆ ಅದರಿಂದಲೇ ಕುಡಿಸುವುದು. ಗುಳ್ಳೆ ನಿಂತರೆ ಪಂಪು ನಿರಪರಾಧಿ. ಆಗ ಹಿಂದಕ್ಕೆ, ಒಂದೊಂದೇ ಜಾಯಿಂಟು ದಾಟುತ್ತ ಟ್ಯಾಂಕಿನವರೆಗೆ ಹೋಗಬೇಕು. ಕರಾವಳಿಯ ಗಾಡಿಯಾದರೆ ಅನುಮಾನ ಮೊದಲು ಹೋಗಬೇಕಾದದ್ದು ಅಡಿಯ ಕಬ್ಬಿಣದ ಪೈಪನ್ನು ಬಿಗಿದಿಟ್ಟ ಕ್ಲಿಪ್ಪುಗಳತ್ತ. ಉಪ್ಪುಗಾಳಿಯ ತೇವ, ಮಳೆಗಾಲದ ಕೆಸರು ಕೂಡಿಕೊಂಡು ತುಕ್ಕು ಶುರುವಾಗುವುದು ಆ ಮರೆಯಲ್ಲೇ.

ಬದಲಿಸುವ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ. ಹೊಸ ಪೈಪನ್ನು ಹಳೆಯದರ ಬಾಗಿಗೆ ಸರಿಯಾಗಿ, ಎಲ್ಲೂ ಮಡಿಚಿಕೊಳ್ಳದಂತೆ ಬಗ್ಗಿಸಬೇಕು. ಕತ್ತರಿಸಿದ ಬಾಯಿಯ ಮುಳ್ಳು ಅರದಿಂದ ತೆಗೆದು, ಗಾಳಿ ಊದಿ ಪುಡಿ ಹೊರಹಾಕಬೇಕು. ರಬ್ಬರ್ ಹೋಸ್ ಜಾರದಿರಲೆಂದು ತುದಿಯನ್ನು ತುಸು ಉಬ್ಬಿಸುತ್ತಾರೆ. ಕೈಯಲ್ಲಿ ಸುಲಭವಾಗಿ ಬಾಗುತ್ತದೆಂದು ತಾಮ್ರದ ಪೈಪು ಹಾಕಿಬಿಡುವವರೂ ಇದ್ದಾರೆ. ಎಂಜಿನ್ನಿನ ಅದುರಿಗೆ ತಾಮ್ರ ಗಡುಸಾಗಿ ಒಂದು ದಿನ ಸೀಳುತ್ತದೆ. ಸಾಲದ್ದಕ್ಕೆ ಡೀಸೆಲನ್ನೂ ಬೇಗ ಕೆಡಿಸುತ್ತದೆ. ಇನ್ನು ನೀರಿನ ಪ್ಲಾಸ್ಟಿಕ್ ಪೈಪು ಹಾಕಿ ಕಳಿಸುವವನನ್ನು ಮೇಸ್ತ್ರಿ ಎನ್ನಲು ನನಗೆ ಮನಸ್ಸಿಲ್ಲ. ಪರೀಕ್ಷೆಯ ಹತ್ತು ನಿಮಿಷಕ್ಕೆ ಅದು ಸರಿ. ಶಾಖಕ್ಕೂ ಡೀಸೆಲ್‌ಗೂ ಸಿಕ್ಕಿದ ಮೇಲೆ ಅದು ಕಡ್ಡಿಯಂತೆ ಬಿರುಸಾಗುತ್ತದೆ.

ಬ್ಯಾಂಜೋ ಬೋಲ್ಟು ತೂರುವ ಪೈಪಿನ ಬಳೆಯ ಎರಡೂ ಬದಿಗೆ ಕೂರುವ ತಾಮ್ರದ ವಾಷರ್‌ಗಳನ್ನು ಹೊಸದಾಗಿಯೇ ಹಾಕುವುದು ಮೇಲು. ಸಿಗದ ಊರಲ್ಲಿ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತಾರೆ. ಉಕ್ಕಾದರೆ ಗಡುಸಾಗುತ್ತಿತ್ತು, ತಾಮ್ರ ಮೆತ್ತಗಾಗುತ್ತದೆ. ಮತ್ತೆ ಒತ್ತಿ ಕೂರುವ ಗುಣ ಬರುತ್ತದೆ. ಎಲ್ಲ ಬಿಗಿದ ಮೇಲೆ ಏರ್ ತೆಗೆಯುವುದು. ಫಿಲ್ಟರಿನ ಮೇಲಿನ ಪ್ರೈಮರ್ ಒತ್ತುತ್ತಿದ್ದರೆ ಏರ್ ಸ್ಕ್ರೂ ಬಳಿ ಮೊದಲು ನೊರೆ, ಆಮೇಲೆ ತಿಳಿ ಡೀಸೆಲ್ ಬರುತ್ತದೆ. ನಾಝಲ್ ಬಳಿಯ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದು, ಡೀಸೆಲ್ ಜಿನುಗಿದ ಮೇಲೆ ಬಿಗಿಯುತ್ತಾರೆ. ಈ ಪಂಪಿನ ಒಳಭಾಗಗಳಿಗೆ ಎಣ್ಣೆಯೂ ಡೀಸೆಲ್ಲೇ. ಪ್ರೈಮ್ ಮಾಡದೆ ಸುಮ್ಮನೆ ಸೆಲ್ಫ್ ಹೊಡೆಯುತ್ತ ಕೂತರೆ ಬ್ಯಾಟರಿಯ ಜೊತೆಗೆ ಪಂಪೂ ಸವೆಯುತ್ತದೆ.

ನಾಝಲ್ ಪೈಪುಗಳ ವಿಷಯ ಬೇರೆಯೇ. ಅವೆಲ್ಲ ಒಂದೇ ಉದ್ದವಿರುವುದಕ್ಕೆ ಕಾರಣವಿದೆ: ಉದ್ದ ಬದಲಾದರೆ ಡೀಸೆಲ್ ಚಿಮ್ಮುವ ಹೊತ್ತು ಬದಲಾಗುತ್ತದೆ. ಹತ್ತಿರದ ಸಿಲಿಂಡರಿನ ಪೈಪಿಗೆ ಹೆಚ್ಚು ಸುತ್ತು ಕೊಟ್ಟಿರುವುದು ಅದಕ್ಕೇ. ಅವನ್ನು ಕತ್ತರಿಸಿ ಬೆಸುಗೆ ಹಾಕುವಂತಿಲ್ಲ, ಹೊಸದೇ ಹಾಕಬೇಕು. ಒಳಗಿನ ಒತ್ತಡ ನೂರು ಬಾರ್ ದಾಟಿರುತ್ತದೆ. ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಿದರೆ ಡೀಸೆಲ್ ಚರ್ಮ ತೂರಿ ಮಾಂಸದೊಳಗೆ ಹೋಗಬಹುದು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಅಷ್ಟಕ್ಕಷ್ಟೆ. ಆದರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ, ಬೆರಳನ್ನೇ ಕಳೆದುಕೊಳ್ಳಬಹುದಾದ ಗಾಯ ಅದು. ಪರೀಕ್ಷಿಸಬೇಕಾದರೆ ರಟ್ಟಿನ ತುಂಡು ಹಿಡಿಯಿರಿ.

ವರ್ಷಾನುಗಟ್ಟಲೆ ಸುಮ್ಮನಿದ್ದ ಸೀಲು ಈಗೇಕೆ ಸೋರುತ್ತಿದೆ ಎಂದು ಕೇಳುವವರಿಗೆ ವಯಸ್ಸಿನ ಜೊತೆ ಇನ್ನೊಂದು ಕಾರಣವೂ ಇರಬಹುದು. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗವಷ್ಟೆ. ಅಮೆರಿಕದಲ್ಲಿ 1993ರಲ್ಲಿ ಗಂಧಕ ತಗ್ಗಿಸಿದ ಡೀಸೆಲ್ ಬಂದಾಗ ಹಳೆಯ ಎಂಜಿನ್ನುಗಳ ರಬ್ಬರ್ ಸೀಲುಗಳು ಕುಗ್ಗಿ ಸೋರಿದ್ದವು. ಗಂಧಕದ ಜೊತೆಗೇ ಕಡಿಮೆಯಾಗುವ ಆರೊಮ್ಯಾಟಿಕ್ ಅಂಶಗಳೇ ಆ ರಬ್ಬರನ್ನು ಹಿಗ್ಗಿಸಿ ಇಟ್ಟಿದ್ದವು.

ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಹೊಸ ಕಾಮನ್ ರೈಲ್ ಗಾಡಿಗಳಿಗೆ ಈ ವಿದ್ಯೆ ಒಗ್ಗುವುದಿಲ್ಲ. ಅಲ್ಲಿನ ಒತ್ತಡ ಸಾವಿರ ಬಾರ್ ಮೀರಿದ್ದು. ಓಡುವ ಎಂಜಿನ್ನಿನ ನಟ್ಟು ಸಡಿಲಿಸಿ ಸಿಲಿಂಡರ್ ಪರೀಕ್ಷಿಸುವ ಹಳೆಯ ಚಾಳಿ ಅಲ್ಲಿ ಪ್ರಾಣಕ್ಕೇ ಎರವು. ಮೇಲಾಗಿ ಸಣ್ಣ ಡೀಸೆಲ್ ಕಾರುಗಳೇ ಕಡಿಮೆಯಾಗಿವೆ. ಆದರೂ ಪಂಪಿನ ಅಂಗಡಿಗಳು ಬಾಗಿಲು ಹಾಕಿಲ್ಲ. ಟ್ರ್ಯಾಕ್ಟರ್, ಟಿಲ್ಲರ್, ಜನರೇಟರ್‌ಗಳ ಹಳೆಯ ಪಂಪುಗಳು ಅವನ್ನು ಸಾಕುತ್ತಿವೆ. ಇಂಡಿಕಾ ತಗೊಂಡು ಹೋದವರು ಅವುಗಳ ಹಿಂದೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಬಿತ್ತನೆಯ ಹೊತ್ತು ಬಿಟ್ಟು ಹೋಗುವುದು ಒಳ್ಳೆಯದು.