ಮೂರು ಊರು, ಒಂದೇ ಲೆಕ್ಕ: ಸಂಘದ ಕೆಲಸ ಯಾಕೆ ಬದಲಾಗುತ್ತಿದೆ?



ಕೊಲ್ಹಾಪುರದ ಸದಸ್ಯರಷ್ಟೇ ಇದ್ದಾಗ ರಾಜ್ಯೋತ್ಸವದ ಲೆಕ್ಕ ಖಜಾಂಚಿಯವರ ಕಿಸೆಯ ಡೈರಿಯಲ್ಲೇ ಮುಗಿಯುತ್ತಿತ್ತು. ಈಗ ಇಚಲಕರಂಜಿ, ಗಡಹಿಂಗ್ಲಜದವರೂ ಕೂಡಿಕೊಂಡಿದ್ದಾರೆ. ಕನ್ನಡ ಕಲಿಕೆಯ ತರಗತಿಗಳಿವೆ, ದೇಣಿಗೆ ಹೆಚ್ಚಿದೆ. ಜೊತೆಗೆ "ಇಷ್ಟೊಂದು ಕಾಗದಾ ಯಾತಕ್ಕ?" ಎಂಬ ಪ್ರಶ್ನೆಯೂ ಬಂದಿದೆ. ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇವೆ.

ಮಹಾರಾಷ್ಟ್ರದಲ್ಲಿ ನಮ್ಮಂಥ ಸಂಘಕ್ಕೆ ಎರಡು ನೋಂದಣಿ: ಒಂದು 1860ರ ಸೊಸೈಟಿ ಕಾಯ್ದೆಯಡಿ, ಇನ್ನೊಂದು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ. ಹಿರಿಯರಿಗೆ ಎರಡನೆಯದು ಬಾಂಬೆ ಪಬ್ಲಿಕ್ ಟ್ರಸ್ಟ್ ಆ್ಯಕ್ಟ್ ಎಂದೇ ನೆನಪಿದೆ. ಚುನಾವಣೆಯಾಗಿ ಕಾರ್ಯಕಾರಿ ಮಂಡಳಿ ಬದಲಾದರೆ 90 ದಿನಗಳೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ 'ಚೇಂಜ್ ರಿಪೋರ್ಟ್' ಕೊಡಬೇಕು. ಅದು ಮಂಜೂರಾಗುವವರೆಗೆ ಕಚೇರಿಯ ದಾಖಲೆಯಲ್ಲಿ ಹಳೆಯ ಹೆಸರುಗಳೇ ಉಳಿಯುತ್ತವೆ. ಹೊಸ ಖಜಾಂಚಿಗೆ ಸಭೆಯಲ್ಲಿ ಹಾರ ಹಾಕಿರುತ್ತೇವೆ, ಬ್ಯಾಂಕಿನವರು ಮಾತ್ರ ದಾಖಲೆ ಕೇಳುತ್ತಾರೆ. ನಮ್ಮ ನಡಾವಳಿ ಪುಸ್ತಕ ಕನ್ನಡದಲ್ಲಿದೆ, ಅದು ಹಾಗೆಯೇ ಇರಲಿ. ಆದರೆ ಕಚೇರಿಗೆ ಹೋಗುವ ಠರಾವಿನ ಪ್ರತಿ ಮರಾಠಿಯಲ್ಲಿ ಬೇಕು. ಎರಡೂ ಭಾಷೆಯಲ್ಲಿ ತಪ್ಪಿಲ್ಲದೆ ಬರೆಯುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಕನ್ನಡದ ಸಂಘ ಮರಾಠಿ ಬಲ್ಲವರನ್ನು ಹುಡುಕಬೇಕಾಗಿರುವುದು ಗಡಿಯಲ್ಲಿ ಬಾಳುವವರಿಗೆ ಹೊಸದಲ್ಲ.

ಇಚಲಕರಂಜಿ ಮತ್ತು ಗಡಹಿಂಗ್ಲಜದವರು ತಮಗೆ ಪ್ರತ್ಯೇಕ ಖಾತೆ ಬೇಕೆನ್ನುತ್ತಾರೆ. "ಎಲ್ಲಾ ಕೊಲ್ಹಾಪುರದವರೇ ಠರಾಯಿಸ್ತಾರ" ಎಂಬುದು ಅವರ ಬೇಸರ. ಎಸ್.ಟಿ. ಹಿಡಿದು ಗಡಹಿಂಗ್ಲಜದಿಂದ ಬಂದು, ಸಭೆ ಮುಗಿಸಿ ರಾತ್ರಿ ಮನೆ ಸೇರುವವರ ಕಷ್ಟ ನಮಗೆ ಗೊತ್ತಿದೆ. ಪವರ್‌ಲೂಮಿನಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಭಾನುವಾರ ಹತ್ತು ಗಂಟೆಯ ಸಭೆ ಎಂದರೆ ನಿದ್ದೆಗೆಡುವುದೇ. ಆದರೆ ನೋಂದಣಿ ಒಂದೇ ಇರುವಾಗ ಮೂರೂ ಊರಿನ ಹಣ ಕಾನೂನಿನ ಕಣ್ಣಿಗೆ ಒಬ್ಬನೇ ಧಣಿಯ ಹಣ. ಮಾರ್ಚ್ 31ಕ್ಕೆ ಒಂದೇ ಜಮಾ-ಖರ್ಚು, ಒಂದೇ ಲೆಕ್ಕಪರಿಶೋಧನೆ. ಯಾರದೋ ಸ್ವಂತ ಹೆಸರಿನ ಖಾತೆಯಲ್ಲಿ ಸಂಘದ ಹಣ ಇಡುವುದಂತೂ ಬೇಡವೇ ಬೇಡ. ಪೂರ್ತಿ ಬೇರೆಯಾಗಿ ನೋಂದಾಯಿಸಿಕೊಂಡರೆ ಸ್ವಾತಂತ್ರ್ಯವೇನೋ ಸಿಗುತ್ತದೆ, ಆದರೆ ಈ ಎಲ್ಲ ಕಾಗದವನ್ನೂ ಪ್ರತಿ ಊರು ತಾನೇ ಹೊರಬೇಕಾಗುತ್ತದೆ. ನಡುವಿನ ದಾರಿಯೆಂದರೆ, ಘಟಕಕ್ಕೆ ವರ್ಷದ ಆರಂಭದಲ್ಲೇ ಮುಂಗಡ ಕೊಡುವುದು. ಅದರ ಖರ್ಚನ್ನು ಆ ಊರಿನವರೇ ನಿರ್ಧರಿಸಿ, ಪಾವತಿಗಳನ್ನು ತಿಂಗಳಿಗೊಮ್ಮೆ ಕಳಿಸಲಿ. ಬೆಂಗಳೂರಿನಲ್ಲಿ 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಕೂಡ ಜಿಲ್ಲೆ, ತಾಲ್ಲೂಕು, ಗಡಿನಾಡಿನ ಘಟಕಗಳ ಮೂಲಕವೇ ಬೆಳೆದದ್ದು. ಅಷ್ಟೇ ಏಕೆ, 'ಕರ್ನಾಟಕ' ಎಂದಿದ್ದ ತನ್ನ ಹೆಸರನ್ನೇ 1938ರಲ್ಲಿ 'ಕನ್ನಡ' ಎಂದು ಬದಲಿಸಿಕೊಂಡಿತು.

ಎಲ್ಲಕ್ಕಿಂತ ನಾಜೂಕಾದದ್ದು ಸಂಬಳದ ಮಾತು. ಅರ್ಧ ದಿನ ಕೆಲಸ ಮಾಡುವ ಒಬ್ಬ ಕಾರಕೂನರನ್ನು ಇಟ್ಟುಕೊಳ್ಳುವ ಸಲಹೆ ಬಂದಿದೆ. "ಲೆಕ್ಕ ಬರೆಯೋರಿಗೆ ಪಗಾರ, ಮಕ್ಕಳಿಗೆ ಅಕ್ಷರ ಕಲಿಸೋರಿಗೆ ಬರೇ ಶಾಲು ಏನ್ರಿ?" ಎಂದು ತರಗತಿ ನಡೆಸುವ ಅಕ್ಕನವರೊಬ್ಬರು ನೇರವಾಗಿ ಕೇಳಿದರು. ಸಭೆ ಸುಮ್ಮನಾಯಿತು. ನಮ್ಮ ಅಭಿಪ್ರಾಯ ಹೀಗಿದೆ. ಲೆಕ್ಕದ ಕೆಲಸಕ್ಕೆ ಕಾನೂನೇ ತಾರೀಖು ಹಾಕಿದೆ, ಪುರಸೊತ್ತಾದಾಗ ಮಾಡುತ್ತೇವೆಂದರೆ ನಡೆಯದು. ಅನುದಾನ ಕೇಳಿದರೂ ಮೊದಲು ಕೇಳುವುದು ಲೆಕ್ಕಪರಿಶೋಧಿತ ಪತ್ರಗಳನ್ನೇ. ಹಾಗೆಂದು ಕಲಿಸುವವರು ತಮ್ಮ ಕೈಯಿಂದಲೇ ಎಸ್.ಟಿ. ತಿಕೀಟಿಗೂ ಸೀಮೆಸುಣ್ಣಕ್ಕೂ ಹಣ ಹಾಕುವುದು ಸರಿಯಲ್ಲ. ಪ್ರಯಾಣ ಖರ್ಚು ಮತ್ತು ಗೌರವಧನವನ್ನು ಕಾರಕೂನರ ಸಂಬಳದ ಠರಾವಿನಲ್ಲೇ ಸೇರಿಸಬೇಕು, ಮುಂದಿನ ವರ್ಷಕ್ಕೆ ತಳ್ಳಬಾರದು. ಇಷ್ಟು ವರ್ಷ ಊಟ ಬಡಿಸಿದ ಮಹಿಳೆಯರ ಹೆಸರು ಮಂಡಳಿಯ ಯಾದಿಯಲ್ಲಿ ಯಾಕಿಲ್ಲ ಎಂಬುದನ್ನೂ ಅದೇ ಸಭೆಯಲ್ಲಿ ಮಾತಾಡೋಣ.

ದೇಣಿಗೆಯ ಬಗ್ಗೆ ಒಂದು ಮಾತು: ಆದಾಯ ತೆರಿಗೆಯ ರಿಯಾಯಿತಿ ಬೇಕಿದ್ದವರು 2,000 ರೂ. ಮೀರಿದ ಮೊತ್ತವನ್ನು ನಗದಾಗಿ ಕೊಡಬೇಡಿ, ಚೆಕ್ ಇಲ್ಲವೇ ಯುಪಿಐ ಮೂಲಕ ಕೊಡಿ.

ಮೂರೂ ವಿಷಯ ವಾರ್ಷಿಕ ಸಾಮಾನ್ಯ ಸಭೆಯ ಮುಂದಿವೆ. ಈ ಸಲದ ಸಭೆ ಗಡಹಿಂಗ್ಲಜದಲ್ಲಿ. ಘಟಕದವರು ತಮ್ಮ ಪಾವತಿ ಪುಸ್ತಕಗಳನ್ನು ಜೊತೆಗೆ ತರಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ